ವಿದ್ಯುತ್ ಕಾರಿನ ನೆತ್ತಿಗೆ ಸೌರಫಲಕ ಹಾಕಿಸಬಹುದೇ?

ಮಂಡ್ಯದ ಪ್ರಯಾಣಿಕ:
ಮಾನ್ಯರೇ, ಮಂಡ್ಯದ ಬಾಡಿಗೆ ಮನೆಯಲ್ಲಿರುವ ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ನಿತ್ಯವೂ ಸಣ್ಣ ವಿದ್ಯುತ್ ಕಾರಿನಲ್ಲಿ ಹೋಗಿಬರುತ್ತೇನೆ. ದಿನಕ್ಕೆ ಸುಮಾರು 90 ಕಿಲೋಮೀಟರ್ ಆಗುತ್ತದೆ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದೂವರೆಯವರೆಗೆ ಕಾರು ಒಂದು ಮರದ ನೆರಳೂ ಇಲ್ಲದ ಬಯಲಿನಲ್ಲಿ ಕಾಯುತ್ತಾ ನಿಂತಿರುತ್ತದೆ (ಎರಡೂ ಅರ್ಥದಲ್ಲಿ). ಛಾವಣಿಗೆ ಬಾಗುವ ಸೌರಫಲಕ ಅಂಟಿಸಿ ಬ್ಯಾಟರಿಗೆ ಜೋಡಿಸಿಕೊಡಲು ಅಂಗಡಿಯವರೊಬ್ಬರು 70,000 ರೂಪಾಯಿ ಕೇಳಿದ್ದಾರೆ, ಆಮೇಲೆ ಚಾರ್ಜಿಂಗಿನ ಚಿಂತೆಯೇ ಇರದು ಎಂದೂ ಹೇಳಿದ್ದಾರೆ. ಇದು ನಂಬಬಹುದಾದ ಮಾತೇ?

ನಿವೃತ್ತ ಇಂಜಿನಿಯರ್, ಹೂಟಗಳ್ಳಿ:
ಲೆಕ್ಕ ಹಾಕಿಯೇ ನೋಡೋಣ. ನಡುಹಗಲಿನ ನಿಚ್ಚಳ ಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಬೀಳುವ ಶಕ್ತಿ ಹೆಚ್ಚುಕಡಿಮೆ 1,000 ವ್ಯಾಟ್. ಒಳ್ಳೆಯ ಸಿಲಿಕಾನ್ ಫಲಕ ಅದರಲ್ಲಿ ಶೇ. 20ರಿಂದ 22ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತದೆ. ಸಣ್ಣ ಕಾರಿನ ಮೇಲೆ ಒಂದೂವರೆ ಚದರ ಮೀಟರ್ ಸಿಕ್ಕರೆ ಪುಣ್ಯ, ಅಂದರೆ 300 ವ್ಯಾಟ್. ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲೆಂದು ಹಿಡಿದರೆ ಒಂದೂವರೆ ಯೂನಿಟ್ ಆಯಿತು. ಆದರೆ ಫಲಕದ ಬಿಸಿ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಇಳುವರಿ ಶೇ. 0.3ರಿಂದ 0.4ರಷ್ಟು ಕುಗ್ಗುತ್ತದೆ, ಮತ್ತು ತಗಡಿಗೆ ಅಂಟಿಸಿದ ಫಲಕದ ಅಡಿಯಲ್ಲಿ ಗಾಳಿಯಾಡದ ಕಾರಣ ಅದು 65 ಡಿಗ್ರಿ ಮುಟ್ಟುವುದು ಕಷ್ಟವೇನಲ್ಲ. ಧೂಳನ್ನೂ ಕಳೆದು 1.2 ಯೂನಿಟ್ ಎನ್ನಿ. ಯೂನಿಟ್ಟಿಗೆ 8 ಕಿಲೋಮೀಟರಿನಂತೆ ಹತ್ತು ಕಿಲೋಮೀಟರ್ ಕೂಡ ತುಂಬುವುದಿಲ್ಲ. ಸಂಜೆ ಹೊರಟ ನೀವು ಶ್ರೀರಂಗಪಟ್ಟಣ ಮುಟ್ಟುವ ಮೊದಲೇ ಆ ದಿನದ ಬಿಸಿಲು ಖರ್ಚಾಗಿರುತ್ತದೆ.

ಹಣದ ಲೆಕ್ಕ ಇನ್ನೂ ಕಹಿ. ವರ್ಷಕ್ಕೆ 300 ದಿನ, ಯೂನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೆ ಉಳಿಯುವುದು 2,160 ರೂಪಾಯಿ. ಅಸಲು ಕೈಸೇರಲು 32 ವರ್ಷ ಬೇಕು. ಅಷ್ಟರಲ್ಲಿ ಕಾರು ಗುಜರಿ ಸೇರಿರುತ್ತದೆ.

ಕುವೆಂಪುನಗರದ ಮೆಕ್ಯಾನಿಕ್:
ಮೇಲಿನವರು ಜೋಡಣೆಯ ಕಷ್ಟವನ್ನು ಹೇಳಲಿಲ್ಲ. ಅಂಥ ಫಲಕದಿಂದ ಬರುವುದು ಹತ್ತಾರು ವೋಲ್ಟ್ ಅಷ್ಟೆ. ಹೆಚ್ಚಿನ ಕಾರುಗಳ ಬ್ಯಾಟರಿ 300 ವೋಲ್ಟಿಗೂ ಮೇಲಿನದು. ವೋಲ್ಟೇಜ್ ಏರಿಸುವ ಉಪಕರಣ ಬೇಕು, ಜೊತೆಗೆ ಚಾರ್ಜ್ ಒಳಗೆ ಹೋಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರುಗಳು ಎಚ್ಚರವಾಗಿರಬೇಕಾದ್ದರಿಂದ ಅವೇ ನೂರು ವ್ಯಾಟಿಗೂ ಹೆಚ್ಚು ನುಂಗಿಬಿಡಬಹುದು. ಟೊಯೋಟಾದವರು 2017ರಲ್ಲಿ ಜಪಾನಿನಲ್ಲಿ ಪ್ರಿಯಸ್ ಪ್ಲಗ್-ಇನ್ ಕಾರಿಗೆ 180 ವ್ಯಾಟಿನ ಸೌರ ಛಾವಣಿ ಕೊಟ್ಟಾಗ, ಆ ವಿದ್ಯುತ್ತನ್ನು ಮೊದಲು ಬೇರೆಯದೇ ಪುಟ್ಟ ಬ್ಯಾಟರಿಯಲ್ಲಿ ಕೂಡಿಟ್ಟು, ಆಮೇಲೆ ದೊಡ್ಡದಕ್ಕೆ ಸಾಗಿಸುವ ವ್ಯವಸ್ಥೆ ಮಾಡಿದ್ದರು. ಹಾಗಿದ್ದೂ ಕಂಪನಿ ಹೇಳಿಕೊಂಡದ್ದು ದಿನಕ್ಕೆ ಹೆಚ್ಚೆಂದರೆ ಸುಮಾರು 6 ಕಿಲೋಮೀಟರ್. ಅಂಗಡಿಯಲ್ಲಿ ಹೈ ವೋಲ್ಟೇಜ್ ತಂತಿಗೆ ಕೈಹಾಕಿಸಿದರೆ ವಾರಂಟಿಯ ಆಸೆ ಬಿಡಬೇಕು, ಬೆಂಕಿಯ ಭಯವನ್ನೂ ಕಟ್ಟಿಕೊಳ್ಳಬೇಕು.

ಸೌರಪ್ರಿಯ:
ಸೌರ ಕಾರೇ ಸುಳ್ಳೆಂಬ ಅರ್ಥ ಬಾರದಿರಲಿ. ಪುಣೆಯ ವೇವ್ ಕಂಪನಿಯ ಇವಾ ಮೊದಲಿನಿಂದಲೇ ಪುಟ್ಟದಾಗಿ, ಹಗುರವಾಗಿ ರೂಪಿಸಿದ ಗಾಡಿ. ಬಿಸಿಲಿನಿಂದ ವರ್ಷಕ್ಕೆ 3,000 ಕಿಲೋಮೀಟರ್ ಎಂಬುದು ಅವರ ಹೇಳಿಕೆ. ದಿನಕ್ಕೆ ಎಂಟೇ ಕಿಲೋಮೀಟರ್ ಎನ್ನಬೇಡಿ, ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆಗೆ ಹೋಗಿಬರುವವರಿಗೆ ಅದು ಧಾರಾಳವಾಯಿತು. ನಿಮ್ಮಂತೆ 90 ಕಿಲೋಮೀಟರ್ ಓಡುವವರಿಗೆ ಮಾತ್ರ ಫಲಕ ಇರಬೇಕಾದದ್ದು ಕಾರಿನ ಮೇಲಲ್ಲ, ಕಾರು ನಿಲ್ಲುವ ಜಾಗದ ಮೇಲೆ. ತಾರಸಿಯಲ್ಲಿ ದಕ್ಷಿಣಕ್ಕೆ ವಾಲಿಸಿದ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಹಾಕಿಸಿದರೆ ನಿಮ್ಮ ಓಡಾಟವೆಲ್ಲ ಅದರಲ್ಲೇ ಕಳೆಯುತ್ತದೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಅಷ್ಟಕ್ಕೆ 78,000 ರೂಪಾಯಿ ಸಹಾಯಧನವೂ ಇದೆ. ಮನೆಯ ಮಾಲೀಕರನ್ನು ಒಮ್ಮೆ ಕೇಳಿ ನೋಡಿ.

ಮಂಡ್ಯದ ಪ್ರಯಾಣಿಕ:
ಎಲ್ಲರಿಗೂ ವಂದನೆಗಳು. ಪುಣ್ಯಕ್ಕೆ ಮುಂಗಡ ಕೊಟ್ಟಿರಲಿಲ್ಲ. ನಮ್ಮ ಮಾಲೀಕರು ಗೋಡೆಗೆ ಮೊಳೆ ಹೊಡೆಯಲೂ ಒಪ್ಪುವವರಲ್ಲ, ಆದ್ದರಿಂದ ತಾರಸಿಯ ಮಾತು ಎತ್ತುವುದು ಕಷ್ಟ. ಕಾರ್ಖಾನೆಯ ಬಯಲಿಗೆ ಫಲಕದ ಚಪ್ಪರ ಹಾಕಿಸಿ ಎಂದು ಆಡಳಿತದವರಿಗೆ ನಾವು ಕಾರು ತರುವವರೆಲ್ಲ ಸೇರಿ ಅರ್ಜಿ ಕೊಡುತ್ತೇವೆ. ಅಲ್ಲಿಯವರೆಗೆ ಮುಂಗಾಜಿಗೊಂದು ಬಿಸಿಲಿನ ಪರದೆ ತಂದಿದ್ದೇನೆ.