‘ಸ್ಲಂಪ್ಡ್ ಸಿಟ್ಟಿಂಗ್’ಗೆ ಕನ್ನಡ ಪದ: ತುರ್ತು

ಬಲ್ಲವರಿಗೆ ನಮಸ್ಕಾರ. ಫಿಸಿಯೋಥೆರಪಿ ಭಿತ್ತಿಪತ್ರವೊಂದನ್ನು ಅನುವಾದಿಸುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ವಿಷಯ ಇಷ್ಟು: ಕುರ್ಚಿಯಲ್ಲಿ ಜಾರಿ ಕುಳಿತಾಗ ವಸ್ತಿಕುಹರ (ಪೆಲ್ವಿಸ್, ಬೆನ್ನೆಲುಬಿನ ಬುಡದ ಮೂಳೆಗಳ ಕಟ್ಟು) ಹಿಂದಕ್ಕೆ ವಾಲುತ್ತದೆ, ಸೊಂಟದ ಹಿಂಬದಿಯ ಒಳಬಾಗು ಚಪ್ಪಟೆಯಾಗುತ್ತದೆ, ಬೆನ್ನಿನ ಮೇಲ್ಭಾಗ ಉಬ್ಬುತ್ತದೆ. ಆಗ ಮುಂಡವನ್ನು ಪಕ್ಕಕ್ಕೆ ತಿರುಗಿಸಿದರೆ, ನೆಟ್ಟಗೆ ಕುಳಿತಾಗಿನಷ್ಟು ತಿರುಗದು. ಸದ್ಯದ ಶೀರ್ಷಿಕೆ: ‘ಕುಬ್ಜಾಸನದಿಂದ ಬೆನ್ನುಹುರಿಯ ಪರಿಭ್ರಮಣ ಕುಂಠಿತ’. ಆಗಬಹುದೇ?

ಮರು:
ಆಗದು. ಬೆನ್ನುಹುರಿ ಎಂದರೆ ಬೆನ್ನೆಲುಬಿನ ಕಾಲುವೆಯೊಳಗಿನ ನರಗಳ ಹುರಿ. ತಿರುಗುವುದು ಬೆನ್ನೆಲುಬು. ಪತ್ರಿಕೆಗಳು ಇವೆರಡನ್ನೂ ಕಲಸಿಬಿಟ್ಟಿವೆ, ಆಸ್ಪತ್ರೆಯ ಗೋಡೆಯಾದರೂ ಸರಿಯಾಗಿರಲಿ. ಪರಿಭ್ರಮಣ ಎಂದರೆ ಇನ್ನೊಂದರ ಸುತ್ತ ಬರುವುದು, ಗ್ರಹಗಳ ಕೆಲಸ. ಇನ್ನು ಕುಬ್ಜ: ಸಂಸ್ಕೃತದಲ್ಲಿ ಗೂನು ಬೆನ್ನಿನವನು, ಆದರೆ ಇಂದಿನ ಓದುಗನಿಗೆ ಅದು ಕುಳ್ಳ. ಅದಕ್ಕೆ ‘ಆಸನ’ ಅಂಟಿಸಿದರೆ ರೋಗಿ ಅದನ್ನೇ ಅಭ್ಯಾಸ ಮಾಡಬೇಕೆಂದು ತಿಳಿಯುತ್ತಾನೆ. ನಮ್ಮದೇ ‘ಗೂನು’ ಇದೆ, ತಮಿಳಿನ ಕೂನ್, ತೆಲುಗಿನ ಗೂನು ಅದರ ಒಡಹುಟ್ಟುಗಳು. ‘ಗೂನುಕೂರಿಕೆ’ ಎನ್ನಿ. ಸಂಸ್ಕೃತದ ಬಾಗಿಲು ತಟ್ಟುವ ಅಗತ್ಯವೇ ಇಲ್ಲ.

ಮರು: ಮರು:
ಬೆನ್ನುಹುರಿಯ ವಿಷಯ ಒಪ್ಪಿದೆ, ಗೂನು ಒಪ್ಪುವುದಿಲ್ಲ. ಗೂನು ಎದ್ದು ನಿಂತರೂ ಉಳಿಯುವಂಥದ್ದು. ಈ ಬಾಗು ನೆಟ್ಟಗಾದೊಡನೆ ಹೋಗುತ್ತದೆ. ಹಿಡಿದ ಭಂಗಿಗೂ ಅಂಗವಿಕಾರಕ್ಕೂ ಒಂದೇ ಹೆಸರಿಟ್ಟರೆ ಗೂನು ಇರುವವರಿಗೆ ಅವಮಾನ. ‘ಕುಸಿದು ಕೂರುವುದು’ ಸಾಕು. ಎಲ್ಲಕ್ಕೂ ನಾಮಪದವೇ ಬೇಕೆಂಬ ಹಟವೇಕೆ? ಕನ್ನಡದ ಬಲ ಇರುವುದು ಕ್ರಿಯಾಪದದಲ್ಲಿ.

ಒಳಗೆ ‘ಸೊಂಟ ತಿರುಗಿಸಿ’ ಎಂದಿದ್ದರೆ ಅದನ್ನೂ ತೆಗೆಯಿರಿ. ಸೊಂಟದ 5 ಕಶೇರುಗಳ (ಬೆನ್ನೆಲುಬಿನ ಬಿಡಿ ಮೂಳೆಗಳ) ಕೀಲುಗಳು ಮುಂದೆ ಬಾಗಲು, ಹಿಂದೆ ಬಾಗಲು ಚೆನ್ನಾಗಿ ಬಿಟ್ಟುಕೊಡುತ್ತವೆ, ತಿರುಗಲು ಬಿಡುವುದು ತೀರ ಕಡಿಮೆ. ಮುಂಡದ ತಿರುಗು ಹೆಚ್ಚಾಗಿ ನಡೆಯುವುದು ಎದೆಮಟ್ಟದ 12 ಕಶೇರುಗಳಲ್ಲಿ. ‘ತಿರುಚು’ ಕೂಡ ಬೇಡ, ಅದರಲ್ಲಿ ನೋವಿದೆ. ‘ಬೆನ್ನು ತಿರುಗಿಸಿ’ ಎಂದರೂ ಕೆಟ್ಟಿತು, ವಿಮುಖರಾಗಿ ಎಂಬ ಅರ್ಥ ಬರುತ್ತದೆ. ‘ಎದೆಯನ್ನು ಪಕ್ಕಕ್ಕೆ ತಿರುಗಿಸಿ’ ಎಂದರೆ ಯಾರಿಗೂ ಗೊಂದಲವಿಲ್ಲ.

ಸಂಸ್ಕೃತದ ಬಾಗಿಲಿನ ಮಾತು ಬಂದದ್ದರಿಂದ ಕೇಳುತ್ತೇನೆ: ಕುರ್ಚಿ ಅರಬ್ಬಿ ಮೂಲದ್ದು. ಅದರ ಮೇಲೆ ಆರಾಮವಾಗಿ ಕುಳಿತು ‘ಆಸನ’ವನ್ನು ಮಾತ್ರ ಹೊರಗಟ್ಟುವುದು ಯಾವ ನ್ಯಾಯ?

ಮರು: ಮರು: ಮರು:
ಕುರ್ಚಿ ಜನ ತಂದ ಪದ, ಕುಬ್ಜಾಸನ ಪಂಡಿತರು ಹೇರುವ ಪದ. ವ್ಯತ್ಯಾಸ ಅಲ್ಲಿದೆ. ಗೂನನ್ನು ನಾನು ಬಿಡುವುದಿಲ್ಲ.

ಮರು: ಮರು: ಮರು: ಮರು:
‘ಕುಸಿದು ಕುಳಿತರೆ ಎದೆ ಪಕ್ಕಕ್ಕೆ ತಿರುಗುವುದು ಕಡಿಮೆ’ ಎಂದು ಶೀರ್ಷಿಕೆ ಕಳುಹಿಸುತ್ತಿದ್ದೇನೆ. ವಸ್ತಿಕುಹರಕ್ಕೆ ರೋಗಿಗಳಿಗೆ ತಿಳಿಯುವ ಪದ ಯಾರಲ್ಲಾದರೂ ಇದ್ದರೆ ಇಂದು ರಾತ್ರಿಯೊಳಗೆ ತಿಳಿಸಿ.