ಮಾಣಿ ಬಾಸ್ಕೆಟ್‌ಬಾಲಲ್ಲಿ ಗಾರ್ಡ್ ಆಗಿ ಬೆಳೀತಾನಾ ಅಂತ ಬಾವ ಕೇಳಿದ್ದಕ್ಕೆ

ಬಾವ, ನಿಮ್ಮ ಮೆಸೇಜು ನಾನು ಬೆಳಗ್ಗೆ ಎದ್ದ ಮೇಲೆ ನೋಡಿದ್ದು, ಅಷ್ಟೊತ್ತಿಗೆ ಗ್ರೂಪಲ್ಲಿ ಎಲ್ಲರೂ ಅವರವರ ತೀರ್ಪು ಕೊಟ್ಟು ಆಗಿದೆ. ವಾಯ್ಸ್ ಕಳಿಸುವ ಅಂದ್ರೆ ಮನೇಲಿ ಅಡಿಕೆ ಸುಲಿಯುವವರು ಬಂದಿದ್ದಾರೆ, ಮಾತು ಸರಿ ಕೇಳ್ಲಿಕ್ಕಿಲ್ಲ, ಹಾಗೆ ಬಾಯಿಗೆ ಬಂದ ಹಾಗೆ ಟೈಪ್ ಮಾಡ್ತಾ ಹೋಗ್ತೇನೆ. ನೀವು ಕೇಳಿದ್ದು ಇಷ್ಟು, ನಿಮ್ಮ ಮಗ ಮಾಣಿಗೆ ಹದಿನಾರು ತುಂಬಿತು, ಹೈಟು 5 ಅಡಿ 8 ಇಂಚು, ಜಿಲ್ಲಾ ಟೀಮಿಗೆ ಗಾರ್ಡ್ ಆಗಿ ಸೆಲೆಕ್ಟ್ ಆಗಿದ್ದಾನೆ, ಕೋಚು ಇವನು ಸ್ಟಾರ್ ಆಗ್ತಾನೆ ಅಂತ ಹೇಳಿದ್ದಾರೆ, ಅದು ಆಗುವ ಮಾತಾ ಅಥವಾ ಈಗಲೇ ನಿಲ್ಲಿಸಿ ಎಂಟ್ರೆನ್ಸ್ ಕೋಚಿಂಗಿಗೆ ಹಾಕುದಾ ಅಂತ. ಅದಕ್ಕೆ ದೊಡ್ಡಮಾವ ಈ ಹೈಟಿಗೆ ಬಾಸ್ಕೆಟ್‌ಬಾಲ್ ಎಂತಕ್ಕೆ ಅಂದ್ರು, ಮುಂಬಯಿಯ ಅಣ್ಣ ಮೊನ್ನೆ 22 ಪಾಯಿಂಟ್ ಹಾಕಿದ್ದಾನಲ್ಲ ಇನ್ನೆಂತ ಬೇಕು ಅಂದ. ನನಗೆ ಎರಡೂ ಸರಿ ಕಾಣ್ಲಿಲ್ಲ. ಹೈಟು ನೋಡಿ ಬೇಡ ಅನ್ನುದೂ ತಪ್ಪು, ಪಾಯಿಂಟ್ ನೋಡಿ ಸ್ಟಾರ್ ಅನ್ನುದೂ ತಪ್ಪು.

ಮೊನ್ನೆಯ ಆ ಮ್ಯಾಚಿಗೆ ನಾನು ಹೋಗಿದ್ದೆ, ಅಕ್ಕನ ಪಕ್ಕದಲ್ಲೇ ಕೂತಿದ್ದೆ. ಬಾಸ್ಕೆಟ್ ಬಿದ್ದಾಗೆಲ್ಲ ಅಕ್ಕ ಚಪ್ಪಾಳೆ ತಟ್ಟಿದ್ದು, ಅದು ತಾಯಿ, ತಟ್ಟಲೇಬೇಕು. ಆದ್ರೆ ನಾನು ಎದ್ದು ನಿಂತದ್ದು ಒಂದೇ ಸಲ. ಮೂರನೇ ಕ್ವಾರ್ಟರಲ್ಲಿ ಇಬ್ಬರು ಒಟ್ಟಿಗೆ ಬಂದು ಅವನನ್ನು ಸೈಡ್‌ಲೈನ್ ಹತ್ರ ಒತ್ತಿದ್ರು, ಕಳೆದ ವರ್ಷ ಆಗಿದ್ರೆ ತಲೆ ಬಗ್ಗಿಸಿ ಅವರ ನಡುವೆ ನುಗ್ಗಿ ಬಾಲ್ ಕಳ್ಕೊಳ್ತಿದ್ದ, ಈ ಸಲ ಒಂದು ಹೆಜ್ಜೆ ಹಿಂದೆ ಬಂದ, ಕಣ್ಣೆತ್ತಿ ನೋಡಿದ, ಇಬ್ಬರೂ ತನ್ನ ಮೇಲೆ ಬಂದದ್ದಕ್ಕೆ ಇನ್ನೊಬ್ಬ ಖಾಲಿ ಇರ್ಲೇಬೇಕಲ್ಲ, ಆ ಉಪ್ಪಳದ ಉದ್ದದ ಹುಡುಗ ರಿಂಗಿನ ಕೆಳಗೆ ಒಬ್ಬನೇ ಇದ್ದ, ಅವನ ಕೈಗೆ ಸರಿಯಾಗಿ ನೆಲಕ್ಕೆ ಒಂದು ಪುಟಿಸಿ ಕೊಟ್ಟ. ಅವನು ಹಾಕಿದ್ದು ಬೀಳ್ಲಿಲ್ಲ. ಸ್ಕೋರ್‌ಶೀಟಲ್ಲಿ ಅದಕ್ಕೆ ಏನೂ ಇಲ್ಲ, ಬಾಸ್ಕೆಟಿಗೆ ದಾರಿ ಮಾಡಿಕೊಟ್ಟವನಿಗೆ ಬರೆಯುವ ಅಸಿಸ್ಟೂ ಅಲ್ಲ ಪಾಯಿಂಟೂ ಅಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಾವ, ಆ 22 ಪಾಯಿಂಟಿಗಿಂತ ನನಗೆ ಧೈರ್ಯ ಬಂದದ್ದು ಅದನ್ನು ನೋಡಿ.

ಗಾರ್ಡ್ ಅಂದ್ರೆ ಎಂತ ಅಂತ ನಮ್ಮವರಿಗೆ ಹೇಳುದಾದ್ರೆ ಯಕ್ಷಗಾನದ ಭಾಗವತರ ಹಾಗೆ. ಆಟದಲ್ಲಿ ಕಿರೀಟ ಕಟ್ಟಿ ಕುಣಿಯುವವರು ಬೇರೆ, ಜನ ನೋಡುದು ಅವರನ್ನೇ, ಆದ್ರೆ ಯಾವಾಗ ಏರಿಸ್ಬೇಕು ಯಾವಾಗ ತಡೀಬೇಕು, ಯಾರಿಗೆ ಎಷ್ಟು ಪದ್ಯ ಕೊಡ್ಬೇಕು ಅನ್ನುದು ಜಾಗಟೆ ಹಿಡಿದವರ ಕೈಯಲ್ಲಿ. ಬಾಲ್ ಕೈಗೆ ಬಂದ ಮೇಲೆ 8 ಸೆಕೆಂಡಲ್ಲಿ ಅರ್ಧ ಕೋರ್ಟ್ ದಾಟ್ಬೇಕು, 24 ಸೆಕೆಂಡಲ್ಲಿ ಶಾಟ್ ಆಗ್ಬೇಕು, ಅಷ್ಟರೊಳಗೆ ನಾಲ್ಕು ಮಂದಿ ತನ್ನವರು ಐದು ಮಂದಿ ಎದುರಿನವರು ಎಲ್ಲಿದ್ದಾರೆ ಅಂತ ತಲೆಯೊಳಗೆ ಇರ್ಬೇಕು. ಉದ್ದದ ಹುಡುಗನನ್ನು ರಿಂಗಿನ ಕೆಳಗೆ ನಿಲ್ಲಿಸಿದ್ರೆ ಹದಿನಾರರಲ್ಲೇ ಉಪಯೋಗ ಆಗ್ತಾನೆ. ಗಾರ್ಡ್ ಹಾಗಲ್ಲ, ಸಾವಿರ ಸಲ ತಪ್ಪಿ ತಪ್ಪಿ ಕಣ್ಣು ಪಳಗ್ಬೇಕು, ಅದಕ್ಕೇ ಗಾರ್ಡುಗಳು ತಡವಾಗಿ ಬಲಿಯುದು. ಭಾಗವತಿಕೆಯೂ ಯಾರಿಗೂ ಹದಿನಾರಕ್ಕೆ ಒಲಿಯುದಿಲ್ಲ ಅಲ್ವಾ.

ಮಾಣಿ ಗೋಡೆಗೆ ಅಂಟಿಸಿದ್ದಾನಲ್ಲ ಅಮೆರಿಕದ ಗಾರ್ಡ್ ಸ್ಟೀಫನ್ ಕರಿಯ ಫೋಟೋ, ಅವನದ್ದೇ ನೋಡಿ. ಅಪ್ಪ ಡೆಲ್ ಕರಿ ಸ್ವತಃ 16 ಸೀಸನ್ ಅಮೆರಿಕದ ದೊಡ್ಡ ಲೀಗ್ ಆದ ಎನ್‌ಬಿಎ ಆಡಿದವರು. ಮಗ ಸಪೂರ, ಗಿಡ್ಡ, ಬಾಲನ್ನು ಸೊಂಟದ ಹತ್ರದಿಂದ ಎತ್ತಿ ಬಿಸಾಡ್ತಿದ್ದ, ದೊಡ್ಡವರ ಎದುರು ಅದು ಬ್ಲಾಕ್ ಆಗ್ತದೆ ಅಂತ ಹೈಸ್ಕೂಲಲ್ಲಿ ಇರುವಾಗ, ಹತ್ತಿರ ಹತ್ತಿರ ನಮ್ಮ ಮಾಣಿಯದ್ದೇ ಪ್ರಾಯ, ಒಂದು ಇಡೀ ಬೇಸಿಗೆ ಕೂತು ಶಾಟನ್ನೇ ಬದಲಿಸಿದ್ರು, ತಲೆಯ ಮೇಲಿಂದ ಬಿಡುವ ಹಾಗೆ. ಆ ಬೇಸಿಗೆ ಅವನಿಗೆ ದೂರದಿಂದ ಹಾಕ್ಲಿಕ್ಕೇ ಆಗ್ತಿರ್ಲಿಲ್ಲ. ಆ ತಿಂಗಳಲ್ಲಿ ಯಾರಾದ್ರೂ ಬಂದು ನೋಡಿದ್ರೆ ಇವನಿಂದ ಆಗುದಿಲ್ಲ ಅಂತ ಹೇಳಿ ಹೋಗ್ತಿದ್ರು. 2009ರ ಡ್ರಾಫ್ಟಲ್ಲಿ, ಅಂದ್ರೆ ಅಲ್ಲಿಯ ಟೀಮುಗಳು ಹೊಸ ಹುಡುಗರನ್ನು ಸರದಿ ಪ್ರಕಾರ ಆರಿಸುವಾಗ, 7ನೇ ಪಿಕ್ ಆಗಿ ಗೋಲ್ಡನ್ ಸ್ಟೇಟ್ ಟೀಮಿಗೆ ಹೋದ, ಆಮೇಲೆ ಕಾಲಿನ ಗಂಟು ತಿರುಚಿ ತಿರುಚಿ 2011ರಲ್ಲಿ ಒಂದು ಸರ್ಜರಿ 2012ರಲ್ಲಿ ಇನ್ನೊಂದು, ಆ 2011-12ರ ಸೀಸನಲ್ಲಿ ಆಡಿದ್ದು ಬರೀ 26 ಮ್ಯಾಚು. 2015ರಲ್ಲಿ ಎಂವಿಪಿ, ಅಂದ್ರೆ ಸೀಸನಿನ ಅತ್ಯುತ್ತಮ ಆಟಗಾರ, 2016ರಲ್ಲಿ ಪುನಃ, ಆ ವರ್ಷ ಒಂದೇ ಸೀಸನಲ್ಲಿ 402 ತ್ರೀ ಪಾಯಿಂಟರ್, ದೂರದ ಲೈನಿನ ಹೊರಗಿಂದ ಹಾಕುವ ಮೂರು ಪಾಯಿಂಟಿನ ಬಾಸ್ಕೆಟು.

ನನಗೆ ಇನ್ನೂ ಹೆಚ್ಚು ಪಾಠ ಕೊಡುವವ ಶೇ ಗಿಲ್ಜಸ್ ಅಲೆಕ್ಸಾಂಡರ್, ಕೆನಡಾದವ. 2018ರಲ್ಲಿ 11ನೇ ಪಿಕ್, ಮೊದಲ ವರ್ಷ ಮ್ಯಾಚಿಗೆ ಸರಾಸರಿ 10.8 ಪಾಯಿಂಟ್, ಮರುವರ್ಷ ಅವನ ಟೀಮು ಅವನನ್ನು ಓಕ್ಲಹೋಮಾದ ಟೀಮಿಗೆ ಬದಲಿಗೆ ಕೊಟ್ಟುಬಿಟ್ಟಿತು, ಅಲ್ಲಿ 19, ಆಮೇಲೆ 23.7, 24.5, ಮತ್ತೆ 31.4, 2025ರಲ್ಲಿ 32.7 ಆಗಿ ಎಂವಿಪಿ, ಟೀಮೂ ಚಾಂಪಿಯನ್. ಜೇಲನ್ ಬ್ರನ್ಸನ್ ಅಂತ ಇನ್ನೊಬ್ಬ, 6 ಅಡಿ 2 ಇಂಚು, ಅಲ್ಲಿಯ ಲೆಕ್ಕದಲ್ಲಿ ಅದು ಗಿಡ್ಡವೇ, 33ನೇ ಪಿಕ್, ಮೊದಲ ವರ್ಷ 9.3, ಎರಡನೇ ವರ್ಷ ಅದಕ್ಕಿಂತಲೂ ಕಮ್ಮಿ 8.2, ಈಗ ನ್ಯೂಯಾರ್ಕಿನ ಕ್ಯಾಪ್ಟನ್. ಅವನದ್ದು ಓಟವೂ ಅಲ್ಲ ಹಾರಾಟವೂ ಅಲ್ಲ, ಎರಡೂ ಕಾಲಲ್ಲಿ ಗಟ್ಟಿ ನಿಂತು, ಪಿವಟ್ ಮಾಡಿ, ಅಂದ್ರೆ ಒಂದು ಪಾದ ಊರಿ ಅಲ್ಲೇ ತಿರುಗಿ, ಎದುರಿನವ ಮೊದಲು ಹಾರಲಿ ಅಂತ ಕಾಯ್ತಾನೆ. ನಮ್ಮಲ್ಲಿ ಕಬಡ್ಡಿಯಲ್ಲಿ ಒಳ್ಳೆ ರೈಡರ್ ಭುಜ ಮಾತ್ರ ಆಡಿಸಿ ಕಾರ್ನರಿನವನನ್ನು ಅಲ್ಲೇ ನಿಲ್ಲಿಸುದಿಲ್ವಾ, ಅದೇ ವಿದ್ಯೆ.

ಇದರ ಉಲ್ಟಾ ಕೂಡ ಉಂಟು, ಅದನ್ನು ಮುಚ್ಚಿಟ್ಟು ಹೇಳಿದ್ರೆ ನಾನು ನಿಮಗೆ ಸುಳ್ಳು ಹೇಳಿದ ಹಾಗೆ. ಮಾರ್ಕೆಲ್ ಫುಲ್ಟ್ಸ್ ಅಂತ ಒಬ್ಬ ಗಾರ್ಡ್, 2017ರಲ್ಲಿ ಇಡೀ ಡ್ರಾಫ್ಟಿಗೆ ಮೊದಲನೆಯವ. ಭುಜದ ನರ ಒತ್ತಿಹೋಗುವ ತೊಂದರೆ, ಶಾಟೇ ಕೈಬಿಟ್ಟುಹೋಯ್ತು, ಮೊದಲ ಸೀಸನಲ್ಲಿ 14 ಮ್ಯಾಚು ಮಾತ್ರ ಆಡಿದ. ಅದೇ ಡ್ರಾಫ್ಟಲ್ಲಿ ಮೂರನೆಯವನಾಗಿ ಹೋದ ಜೇಸನ್ ಟೇಟಮ್ ದೊಡ್ಡ ಸ್ಟಾರ್ ಆದ. ಆಟಗಾರರನ್ನು ಹುಡುಕುವ ಹತ್ತಾರು ಸ್ಕೌಟುಗಳು ವರ್ಷಗಟ್ಲೆ ನೋಡಿ ಮೊದಲ ನಂಬರ್ ಕೊಟ್ಟವನ ಕಥೆಯೇ ಹೀಗಾದ್ರೆ ನಾವು ಒಂದು ಜಿಲ್ಲಾ ಮ್ಯಾಚು ನೋಡಿ ಮಗುವಿನ ಹಣೆಯಲ್ಲಿ ಸ್ಟಾರ್ ಅಂತ ಬರೀಬಾರದು.

ದೊಡ್ಡಮಾವ, ಹೈಟಿನ ಮಾತು. ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ 7 ಅಡಿ 2 ಇಂಚು, 2015ರಲ್ಲಿ ಎನ್‌ಬಿಎ ಡ್ರಾಫ್ಟಲ್ಲಿ ಆರಿಸಲ್ಪಟ್ಟ ಮೊದಲ ಭಾರತೀಯ, ನಮಗೆಲ್ಲ ಹೆಮ್ಮೆ, ಆದ್ರೂ ಎನ್‌ಬಿಎಯ ಒಂದು ಮ್ಯಾಚೂ ಆಡ್ಲಿಕ್ಕೆ ಸಿಕ್ಕಲಿಲ್ಲ. ಇಸಾಯಾ ಥಾಮಸ್ 5 ಅಡಿ 9 ಇಂಚು, 2011ರ ಡ್ರಾಫ್ಟಿನ ಕಟ್ಟಕಡೆಯ 60ನೇ ಪಿಕ್, ಬಾಸ್ಟನಿಗೆ ಆಡುವಾಗ ಒಂದು ಸೀಸನಲ್ಲಿ ಸರಾಸರಿ 28.9. ಗಿಡ್ಡ ಆದ್ರೆ ದಾರಿ ಕಷ್ಟ, ಹೌದು, ಡಿಫೆನ್ಸಲ್ಲಿ ಎಲ್ಲರೂ ಅವನನ್ನೇ ಹುಡುಕಿ ಹೊಡೀತಾರೆ. ಮುಚ್ಚಿಯೇ ಹೋಗಿದೆ ಅಂತ ಅಲ್ಲ.

ಹಾಗಾದ್ರೆ ನಮ್ಮ ಮಾಣಿ? ಎನ್‌ಬಿಎ ಕನಸು ಅವನು ಕಾಣ್ಲಿ, ಅಲ್ಲಿ 30 ಟೀಮು, ಟೀಮಿಗೆ 15 ಜನ, ಇಡೀ ಪ್ರಪಂಚಕ್ಕೆ ಸೇರಿ ಹತ್ತಿರ 450 ಸೀಟು ಅಂತ ನಾವು ದೊಡ್ಡವರು ನೆನಪಿಟ್ಕೊಂಡ್ರೆ ಸಾಕು. ನಮ್ಮಲ್ಲಿ ಸ್ಟಾರ್ ಗಾರ್ಡ್ ಅಂದ್ರೆ ವಿಶೇಷ್ ಭೃಗುವಂಶಿ, ವಾರಣಾಸಿಯವರು, ಭಾರತ ಟೀಮಿನ ಕ್ಯಾಪ್ಟನ್ ಆದವರು, 2020ರ ಅರ್ಜುನ ಪ್ರಶಸ್ತಿ. ನಮ್ಮ ಕೇರಳದಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ಎಷ್ಟು ಗಟ್ಟಿ ಅಂತ ಗೊತ್ತುಂಟಲ್ಲ, ಗೀತು ಅನ್ನಾ ಜೋಸ್ ಇಲ್ಲಿಂದ ಹೋಗಿ ಅಮೆರಿಕದ ಹೆಂಗಸರ ಲೀಗ್ ಡಬ್ಲ್ಯುಎನ್‌ಬಿಎ ಟ್ರಯಲ್ಸ್ ಕೊಟ್ಟು ಬಂದವರು. ರೈಲ್ವೆ, ಬ್ಯಾಂಕು, ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ, ಇವುಗಳ ಟೀಮಲ್ಲಿ ಆಡಿ ಕೆಲಸ ಹಿಡಿದು ಜೀವನ ಮಾಡಿದವರು ಎಷ್ಟೋ ಮಂದಿ. ಅಷ್ಟು ಎತ್ತರಕ್ಕೆ ಮಾಣಿ ಹೋಗಬಹುದು ಅಂತ ನನಗೆ ಅನ್ನಿಸ್ತದೆ. ಆಗ್ತಾನೆ ಅಂತ ಅಲ್ಲ, ಆಗಬಹುದು. ಯಾಕೆ ಅಂದ್ರೆ ಕಳೆದ ವರ್ಷದ ಮಾಣಿ ಮತ್ತು ಈ ವರ್ಷದ ಮಾಣಿ ಒಂದೇ ಅಲ್ಲ. ಗಾರ್ಡಲ್ಲಿ ನಾನು ನೋಡುದು ಅದನ್ನೇ, ಈಗ ಎಷ್ಟು ಚಂದ ಆಡ್ತಾನೆ ಅಂತಲ್ಲ, ಒಂದು ವರ್ಷದಲ್ಲಿ ಎಷ್ಟು ಬದಲಾದ ಅಂತ. ಕಳೆದ ವರ್ಷ ಬಾಲ್ ಕಳ್ಕೊಂಡ ಕೂಡ್ಲೇ ಕೈ ಸೊಂಟಕ್ಕೆ ಇಟ್ಟು ರೆಫ್ರಿಯ ಮುಖ ನೋಡ್ತಿದ್ದ, ಈಗ ತಿರುಗಿ ಓಡ್ತಾನೆ.

ಕೊರತೆಯೂ ಉಂಟು, ಮಾಣಿಯೂ ಈ ಗ್ರೂಪಲ್ಲಿ ಇದ್ದಾನೆ, ಓದ್ಲಿ. ಎಡಗೈ ಇಲ್ಲ ಮಗ ನಿನಗೆ. ಮೊನ್ನೆ ನಾಲ್ಕು ಸಲ ಬಾಲ್ ಹೋದದ್ದು ನಾಲ್ಕೂ ಸಲ ಎಡಬದಿಗೆ ದೂಡಿದಾಗ. ಜಿಲ್ಲೆಯಲ್ಲಿ ಒಬ್ಬಿಬ್ಬರಿಗೆ ಗೊತ್ತಾದದ್ದು, ಸ್ಟೇಟಿಗೆ ಹೋದ್ರೆ ಕೋಟ್ಟಯಂನವರು ಆಲಪ್ಪುಳದವರು ಎರಡು ನಿಮಿಷದಲ್ಲಿ ಕಂಡುಹಿಡೀತಾರೆ, ಮತ್ತೆ ಇಡೀ ಮ್ಯಾಚು ಅಲ್ಲಿಗೇ ದೂಡ್ತಾರೆ. ಇನ್ನೊಂದು, 6.75 ಮೀಟರಿನ ತ್ರೀ ಪಾಯಿಂಟ್ ಲೈನಿಂದ ಹಾಕುವಾಗ ಕಾಲಿನ ಬಲ ಸಾಲದೆ ಭುಜದಿಂದ ದೂಡ್ತಿದ್ದಿ. ಅದು ಈಗ ಸರಿಯಾಗ್ಬೇಕು, ಇಪ್ಪತ್ತರಲ್ಲಿ ಅಲ್ಲ.

ಬಾವ, ಒಂದು ವಿಷಯಕ್ಕೆ ನಾನು ಕೈಮುಗಿದು ಕೇಳ್ಕೊಳ್ತೇನೆ. ನಾನು ಡಿಗ್ರಿ ಫೈನಲ್ ಇಯರಲ್ಲಿ ಮಂಗಳೂರಲ್ಲಿ ಗಾರ್ಡ್ ಆಡ್ತಿದ್ದೆ ಅಂತ ನಿಮಗೆ ಗೊತ್ತುಂಟು, ಯಾಕೆ ಬಿಟ್ಟೆ ಅಂತ ಅಕ್ಕನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಕ್ವಾರ್ಟರ್ ಫೈನಲಲ್ಲಿ ಕಾಲಿನ ಗಂಟು ತಿರುಚಿತ್ತು, ಊದಿ ಚಪ್ಪಲಿಯೂ ಹಿಡಿಸ್ತಿರ್ಲಿಲ್ಲ, ಮರುದಿನ ಬಿಗಿಯಾಗಿ ಟೇಪು ಸುತ್ತಿ ಆಡಿಸಿದ್ರು, ನನಗೂ ಆಗ ಇಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ. ಆ ಕಾಲು ಮತ್ತೆ ಮೊದಲಿನ ಹಾಗೆ ಆಗ್ಲೇ ಇಲ್ಲ. ಕರಿಗೆ ಅಷ್ಟು ಇಂಜುರಿ ಆದ್ರೂ ಎದ್ದು ಬಂದ ಅಂದ್ರೆ ಸರ್ಜರಿ ಮಾಡಿಸಿ, ಸೊಂಟದ ತೊಡೆಯ ಬಲ ಹೆಚ್ಚಿಸಿ, ಕಾದು ಕೂತವರು ಇದ್ರು. ನಮ್ಮ ಮಾಣಿಗೆ ಕಾಯುವವರು ನಾವೇ. ನೋವು ಅಂದ ದಿನ ಯಾರು ಎಷ್ಟು ದೊಡ್ಡ ಮ್ಯಾಚು ಅಂತ ಹೇಳಿದ್ರೂ ಕೂರಿಸಿ.

ಎಂಟ್ರೆನ್ಸ್ ಕೋಚಿಂಗಿಗೂ ಇದಕ್ಕೂ ಜಗಳ ಹಚ್ಚುದು ಬೇಡ. ಬೆಳಗ್ಗೆ ಆರರಿಂದ ಏಳೂವರೆ ಬಾಲಿಗೆ, ಸಂಜೆ ಪುಸ್ತಕಕ್ಕೆ, ಪ್ಲಸ್ ಟೂ ಮುಗಿಯುವ ತನಕ ಎರಡು ವರ್ಷ ಹಾಗೇ ಹೋಗ್ಲಿ. ಪ್ರತಿ ಡಿಸೆಂಬರಿಗೆ ಒಂದು ಇಡೀ ಮ್ಯಾಚಿನ ವಿಡಿಯೋ ಮಾಡಿ ಇಟ್ಕೊಳ್ಳಿ, ಪಕ್ಕಪಕ್ಕ ಇಟ್ಟು ನೋಡುವ. ಎರಡು ವಿಡಿಯೋದಲ್ಲೂ ಒಂದೇ ಮಾಣಿ ಕಂಡ್ರೆ ಆವಾಗ ಕೂತು ಮಾತಾಡುವ, ನಾನೇ ಮೊದಲು ಹೇಳ್ತೇನೆ. ಮಳೆಗಾಲದ ಚಿಂತೆ ನನಗೆ ಜಾಸ್ತಿ, ಜೂನಿಂದ ಸೆಪ್ಟೆಂಬರ್ ನಮ್ಮಲ್ಲಿ ಹೊರಗಿನ ಕೋರ್ಟಲ್ಲಿ ಪಾಚಿ, ಕಾಲಿಟ್ರೆ ಜಾರ್ತದೆ, ನಾಲ್ಕು ತಿಂಗಳು ಬಾಲ್ ಮುಟ್ಟದಿದ್ರೆ ಗಾರ್ಡಿನ ಕೈ ಮರ್ತುಹೋಗ್ತದೆ. ನಿಮ್ಮ ಹಳೇ ಕೊಟ್ಟಿಗೆಗೆ ಶೀಟು ಹಾಕಿ ಆಗಿದೆಯಲ್ಲ, ನೆಲಕ್ಕೆ ಸಿಮೆಂಟು ಒಂದು ಕೋಟಿಂಗ್ ಕೊಟ್ರೆ ರಿಂಗ್ ಇಲ್ಲದಿದ್ರೂ ಡ್ರಿಬ್ಲಿಂಗಿಗೆ ಆಗ್ತದೆ. ಖರ್ಚಲ್ಲಿ ಅರ್ಧ ನನ್ನದು.

ಆದಿತ್ಯವಾರ ಬದಿಯಡ್ಕದಿಂದ ಮೊದಲ ಬಸ್ಸಿಗೆ ಬರ್ತೇನೆ. ಅಂಗಳದ ಅಡಿಕೆ ಒಂದು ಬದಿಗೆ ಎಳೆದು ಇಡಿ, ಎಡಗೈಗೆ ಅರ್ಧ ಅಂಗಳ ಸಾಕು.