"ಬೇಜಾರು" ಅಂದರೆ ಯಾವ ಬೇಜಾರು?

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನಲ್ಲಿ ಕೌನ್ಸೆಲರ್. ಬರುವವರು ಹೆಚ್ಚಾಗಿ ಪಂಜಾಬಿ, ಗುಜರಾತಿ, ಬಂಗಾಳಿ ಮನೆಯವರು, ಕನ್ನಡದವರು ಅಪರೂಪ. ಈಚೆಗೆ ಮೈಸೂರು ಕಡೆಯ ಒಬ್ಬ ಅಮ್ಮ ಬಂದರು, ಮಗನ ಮನೆಯಲ್ಲಿದ್ದಾರೆ (ವಿವರ ಸ್ವಲ್ಪ ಬದಲಿಸಿದ್ದೇನೆ). ಕೌನ್ಸೆಲಿಂಗ್ ಅಂದರೆ "ಸಿಇಟಿ ಸೀಟು ಹಂಚೋದಲ್ವಾ?" ಅಂತ ಕೇಳಿದರು, ಇಬ್ಬರೂ ನಕ್ಕೆವು.

ಮೊದಲು ಅವರು ಬೇರೆ ಕಡೆ ತೋರಿಸಿಕೊಂಡಿದ್ದರು. ಅಲ್ಲಿ ಫೋನಿನಲ್ಲಿದ್ದ ದುಭಾಷಿ ಇವರ "ತುಂಬಾ ಬೇಜಾರು" ಅನ್ನೋದನ್ನು "ಬೋರ್ ಆಗ್ತಿದೆಯಂತೆ" ಅಂತ ದಾಟಿಸಿಬಿಟ್ಟಿದ್ದಾರೆ. ಹೊರಗೆ ಓಡಾಡಿ, ನಾಲ್ಕು ಜನರ ಜೊತೆ ಸೇರಿ ಅಂತ ಹೇಳಿ ಕಳಿಸಿದರಂತೆ. ದುಭಾಷಿಯದ್ದು ಪೂರ್ತಿ ತಪ್ಪು ಅನ್ನೋಕೂ ಆಗಲ್ಲ. ಮಳೆ ಬಂದು ಮ್ಯಾಚ್ ನಿಂತರೂ ಬೇಜಾರು, "ಬೇಜಾರು ಮಾಡ್ಕೋಬೇಡಿ" ಅಂದರೆ ನೊಂದುಕೊಳ್ಳಬೇಡಿ, ಸಾವಾದ ಮನೆಯಿಂದ ಬಂದವರೂ ಬೇಜಾರು ಅಂತಲೇ ಹೇಳುತ್ತಾರೆ.

ನಾನೂ ಎಡವಿದೆ. ಇಲ್ಲಿ ಖಿನ್ನತೆ ಎಷ್ಟಿದೆ ಅಂತ ನೋಡೋಕೆ ಪಿಎಚ್‌ಕ್ಯೂ-9 ಅಂತ ಒಂದು ಫಾರಂ ಇದೆ, ಕಳೆದ 2 ವಾರದ ಬಗ್ಗೆ 9 ಪ್ರಶ್ನೆ, ಒಟ್ಟು 27 ಅಂಕ. ಅದನ್ನು ಕನ್ನಡದಲ್ಲಿ ವಿವರಿಸುವಾಗ "ಖಿನ್ನತೆ" ಅಂದೆ. "ಪೇಪರಲ್ಲಿ ಬರತ್ತಲ್ಲ, ಅದಾ? ನನಗೆ ಅಂಥದ್ದೇನೂ ಇಲ್ಲಮ್ಮ" ಅಂದರು. ಅಷ್ಟೊತ್ತು ಪಕ್ಕದಲ್ಲಿ ಮಗ ಬೇರೆ ಕೂತಿದ್ದ, ಹಾಗಾಗಿ ಮಾತೆಲ್ಲ ಮಂಡಿನೋವಿನದೇ. ಅವನನ್ನು ಹೊರಗೆ ಕೂರಿಸಿ, ಫಾರಂ ಮಡಚಿಟ್ಟು, ಬೇಜಾರು ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ ಅಂತ ಕೇಳಿದೆ. ಎದೆ ಹಿಂಡಿದ ಹಾಗೆ, ಬೆಳಗಿನ ಜಾವ 3 ಗಂಟೆಗೇ ಎಚ್ಚರ, ಕಾಫಿನೂ ಬೇಡ ಅನ್ಸುತ್ತೆ, ಮಗನಿಗೆ ಹೇಳಬೇಡಮ್ಮ. ಇದು ಬೋರ್ ಅಲ್ಲ ಅಲ್ವಾ?

ಇದು ಕನ್ನಡಕ್ಕೆ ಮಾತ್ರ ಇರುವ ತೊಡಕಲ್ಲ. ಇಲ್ಲಿನ ಬೆಡ್‌ಫರ್ಡ್‌ನ ಪಂಜಾಬಿಗಳು ಎದೆ ಕುಸಿಯುತ್ತೆ ಅನ್ನೋ ಅರ್ಥದ ಮಾತಿನಲ್ಲಿ ಸಂಕಟ ಹೇಳಿಕೊಳ್ಳುವುದನ್ನು ಮಾನವಶಾಸ್ತ್ರಜ್ಞೆ ಇಂಗಾ-ಬ್ರಿಟ್ ಕ್ರೌಸ್ 1989ರಲ್ಲೇ ಬರೆದಿದ್ದಾರೆ. ಕೊರಿಯಾದವರ "ಹ್ವಾಬ್ಯೊಂಗ್", ಅಂದರೆ ನುಂಗಿಕೊಂಡ ಸಿಟ್ಟಿನಿಂದ ಬರುವ ಬೆಂಕಿ ಕಾಯಿಲೆ, 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಪಟ್ಟಿಗೂ ಸೇರಿತು. ಅದಕ್ಕೇ ಈಗ ಯಾರೇ ಬಂದರೂ ಅವರು ತಂದ ಮಾತನ್ನೇ ಹಿಡಿದು ಮಾತಾಡಿಸುತ್ತೇನೆ, ನನ್ನ ಮಾತನ್ನು ಅದರ ಮೇಲೆ ಹೇರುವುದಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ಬೇಜಾರು ಪಾರಸಿಯ "ಬೇಜಾರ್"ನಿಂದ ಬಂದದ್ದು. ಬೇಸರ ನಮ್ಮದೇ ಹಳೆಯ ಮಾತು, "ಬೇಸತ್ತು" ಅದರದ್ದೇ ರೂಪ, ತೆಲುಗಿನಲ್ಲೂ "ವೇಸರು" ಇದೆ. ಹುಟ್ಟು ಬೇರೆ, ಆದರೆ ಬಾಯಲ್ಲಿ ಎರಡೂ ಕಲಸಿಹೋಗಿವೆ. ನಿಮ್ಮ ಕಡೆ ಇವೆರಡಕ್ಕೆ ವ್ಯತ್ಯಾಸ ಉಳಿದಿದೆಯಾ? ನನ್ನ ಕಿವಿಗೆ ಬೇಸರದಲ್ಲಿ ದಣಿವು ಜಾಸ್ತಿ, ಬೇಜಾರಿನಲ್ಲಿ ನೋವು ಜಾಸ್ತಿ, ಸುಮ್ನೆ ನನ್ನ ಭ್ರಮೆಯೂ ಇರಬಹುದು. ಉತ್ತರ ಕರ್ನಾಟಕದವರು "ಬ್ಯಾಸರಕಿ" ಅಂದಾಗ ಅದು ಸಾಯಂಕಾಲಕ್ಕೆ ಹೋಗಿಬಿಡುವಂಥದ್ದಾ, ತಿಂಗಳುಗಟ್ಟಲೆ ಕೂತುಬಿಡುವಂಥದ್ದೂ ಆಗುತ್ತಾ? ಹಾಗೆ ಕೂತುಬಿಟ್ಟದ್ದಕ್ಕೆ ನಿಮ್ಮ ಮನೆಯ ಹಿರಿಯರು ಬೇರೆ ಮಾತು ಬಳಸುತ್ತಿದ್ದರಾ?

ಗುರುವಾರ ಆ ಅಮ್ಮ ಮತ್ತೆ ಬರುತ್ತಾರೆ. ಅಷ್ಟರೊಳಗೆ ಇಲ್ಲಿನ ದುಭಾಷಿಗಳಿಗೆ ಅರ್ಧ ಪುಟ ಬರೆದುಕೊಡಬೇಕು. ನಿಘಂಟಿನ ಅರ್ಥ ನನ್ನ ಹತ್ತಿರ ಇದೆ, ನೀವು ಕಿವಿಯಾರೆ ಕೇಳಿದ ವಾಕ್ಯಗಳನ್ನು ಕಳಿಸಿ, ಜೊತೆಗೆ ಊರಿನ ಹೆಸರೂ ಇರಲಿ.